ಮರಳಿ ಬರುವ ಫೆಬ್ರುವರಿ 2

ಪ್ರೀತಿಯ ತಂಗಿಗೆ,

ನಿನ್ನ ಕಥೆ ಓದಿದೆ. ಒಂದೇ ದಿನದೊಳಗೆ ಸಿಕ್ಕಿಬಿದ್ದ ಆ ಗುಮಾಸ್ತ ಮನಸ್ಸಿಗೆ ಹಿಡಿಸಿದ. ಆದರೆ ದಿನ ಏಕೆ ಮರಳುತ್ತದೆ ಎಂದು ವಿವರಿಸಲು ನಾಲ್ಕು ಪುಟ ಖರ್ಚು ಮಾಡಿದ್ದೀಯ: ಹಳೆಯ ಗಡಿಯಾರ, ಅಜ್ಜನ ಶಾಪ. ಅಷ್ಟನ್ನೂ ತೆಗೆದುಹಾಕು. ಸಂಶಯವಿದ್ದರೆ 1993ರ ‘ಗ್ರೌಂಡ್‌ಹಾಗ್ ಡೇ’ ಚಿತ್ರವನ್ನು ಇನ್ನೊಮ್ಮೆ ನೋಡು.

ಬಿಲ್ ಮರ್ರಿ ಅಭಿನಯಿಸಿದ ಫಿಲ್ ಕಾನರ್ಸ್ ಟಿ.ವಿ.ಯಲ್ಲಿ ಹವಾಮಾನ ಹೇಳುವವನು, ಮಹಾ ಅಹಂಕಾರಿ. ಪೆನ್ಸಿಲ್ವೇನಿಯಾದ ಪಂಕ್ಸಟಾನಿ ಎಂಬ ಊರಿನ ಹಬ್ಬದ ವರದಿಗೆ ಬರುತ್ತಾನೆ. ಫೆಬ್ರುವರಿ 2ರಂದು ಗ್ರೌಂಡ್‌ಹಾಗ್ ಎಂಬ ಬಿಲವಾಸಿ ಪ್ರಾಣಿ ತನ್ನ ನೆರಳನ್ನು ಕಂಡರೆ ಚಳಿಗಾಲ ಇನ್ನೂ ಆರು ವಾರ ಇರುತ್ತದೆ ಎಂಬುದು ಅಲ್ಲಿನ ನಂಬಿಕೆ. ಮರುದಿನ ಬೆಳಗ್ಗೆ 6 ಗಂಟೆಗೆ ರೇಡಿಯೊದಲ್ಲಿ ಅದೇ ಹಾಡು, ಹೊರಗೆ ಅದೇ ಫೆಬ್ರುವರಿ 2. ಏಕೆ? ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಒಂದು ಕರಡಿನಲ್ಲಿ ಹಳೆಯ ಪ್ರೇಯಸಿಯ ಶಾಪವೆಂಬ ಕಾರಣವಿತ್ತು, ಅದನ್ನು ಕೈಬಿಟ್ಟರು. ಉಳಿಸಿಕೊಂಡಿದ್ದರೆ ನಾವು ಶಾಪವಿಮೋಚನೆಗೆ ಕಾಯುತ್ತ ಕೂರುತ್ತಿದ್ದೆವು. ಈಗ ಫಿಲ್‌ನನ್ನೇ ನೋಡುತ್ತೇವೆ.

ನಿರ್ದೇಶಕ ಹೆರಾಲ್ಡ್ ರಾಮಿಸ್ ಮೊದಲ ದಿನವನ್ನು ಸಾವಧಾನವಾಗಿ ತೋರಿಸುತ್ತಾರೆ: ಗಂಟುಬೀಳುವ ಹಳೆಯ ಸಹಪಾಠಿ, ವಿಮೆ ಏಜೆಂಟ್ ನೆಡ್, ಅವನಿಂದ ಬಿಡಿಸಿಕೊಂಡ ಕೂಡಲೇ ಫಿಲ್ ಕಾಲಿಡುವ ನೀರಿನ ಗುಂಡಿ. ಇವು ನಮ್ಮ ನೆನಪಿನಲ್ಲಿ ಕುಳಿತ ಮೇಲೆ ಸಂಕಲನದ ಕತ್ತರಿ ಧಾರಾಳವಾಗಿ ಆಡುತ್ತದೆ. ವರದಿಗೆ ಜೊತೆಯಲ್ಲಿ ಬಂದ ನಿರ್ಮಾಪಕಿ ರೀಟಾಳನ್ನು ಒಲಿಸಿಕೊಳ್ಳುವ ಆಟಗಳು ರಾತ್ರಿಯಿಂದ ರಾತ್ರಿಗೆ ಸೋಲುವಾಗ ನಮಗೆ ಕಾಣುವುದು ಒಂದರ ಹಿಂದೊಂದು ಕಪಾಳಮೋಕ್ಷ ಮಾತ್ರ. ನಿನ್ನ ಗುಮಾಸ್ತನೂ ಪ್ರತಿ ಬೆಳಗ್ಗೆ ಹಲ್ಲುಜ್ಜಿ, ಕಾಫಿ ಕುಡಿದು, ಬಸ್ ಹಿಡಿಯಬೇಕಿಲ್ಲ.

ಇಷ್ಟು ಜಾಣತನ ಬೇರೆ ಚಿತ್ರಗಳಲ್ಲೂ ಸಿಕ್ಕೀತು. ನನ್ನನ್ನು ಮತ್ತೆ ಮತ್ತೆ ಇದರ ಬಳಿಗೆ ಕರೆತರುವವನು ಬೀದಿಯ ಮುದುಕ. ಮೊದಮೊದಲು ಫಿಲ್ ಅವನನ್ನು ಕಂಡೂ ಕಾಣದಂತೆ ದಾಟುತ್ತಾನೆ. ಒಂದು ರಾತ್ರಿ ಆಸ್ಪತ್ರೆಗೆ ಕರೆದೊಯ್ಯುತ್ತಾನೆ, ಮುದುಕ ಸಾಯುತ್ತಾನೆ. ವಯಸ್ಸಾಗಿತ್ತು, ಕಾಲ ಬಂದಿತ್ತು ಎನ್ನುತ್ತಾಳೆ ನರ್ಸ್. ಫಿಲ್ ಒಪ್ಪುವುದಿಲ್ಲ. ಮರಳಿ ಬಂದ ಅದೇ ದಿನ ಹೋಟೆಲಿನಲ್ಲಿ ಕೂರಿಸಿ ಸೂಪ್ ಕುಡಿಸುತ್ತಾನೆ, ಓಣಿಯ ನೆಲದ ಮೇಲೆ ಬಾಯಿಗೆ ಬಾಯಿಟ್ಟು ಉಸಿರು ತುಂಬುತ್ತಾನೆ. ಮುದುಕ ಉಳಿಯುವುದಿಲ್ಲ. ಲೆಕ್ಕವಿಲ್ಲದಷ್ಟು ದಿನಗಳು ಕೈಯಲ್ಲಿರುವವನಿಗೂ ಒಂದು ಜೀವವನ್ನು ಬೆಳಗಿನವರೆಗೆ ಹಿಡಿದಿಡಲಾಗುವುದಿಲ್ಲ. ನಗಿಸಲು ಹೊರಟ ಚಿತ್ರದ ನಡುವೆ ಇದನ್ನಿಡಲು ಎದೆಗಾರಿಕೆ ಬೇಕು. ರಾಮಿಸ್ ಮತ್ತು ಡ್ಯಾನಿ ರೂಬಿನ್ ಬರೆದ ಈ ಚಿತ್ರಕಥೆಗೆ ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿಯಾದ ಬಾಫ್ಟಾ ಸಂದದ್ದು ನ್ಯಾಯವೇ.

ಆ ಸಾವಿನ ನಂತರ ಫಿಲ್‌ನ ಸಣ್ಣಪುಟ್ಟ ಉಪಕಾರಗಳಿಗೆ ತೂಕ ಬರುತ್ತದೆ. ಮರದಿಂದ ಬೀಳುವ ಹುಡುಗನನ್ನು ಪ್ರತಿದಿನ ಓಡಿಬಂದು ಹಿಡಿಯುತ್ತಾನೆ. ಹುಡುಗ ಒಂದು ದಿನವೂ ಕೃತಜ್ಞತೆ ಹೇಳದೆ ಓಟ ಕೀಳುತ್ತಾನೆ. ಮರುದಿನ ಫಿಲ್ ಮತ್ತೆ ಅಲ್ಲಿರುತ್ತಾನೆ.

ನಿನ್ನ ಗುಮಾಸ್ತ ಎಷ್ಟು ಸಲ ಮರಳಿದರೂ ಸರಿಪಡಿಸಲಾಗದ್ದು ಯಾವುದು? ಏಳನೆಯ ಪುಟದಲ್ಲಿ ಅವನು ಮಾತನಾಡಿಸದೆ ಹೊರಟುಬಿಡುವ ಅಕ್ಕನಲ್ಲಿ ಅದರ ಸುಳಿವಿದೆ. ಅವಳಿಂದ ಕಥೆಯನ್ನು ಮತ್ತೆ ಶುರು ಮಾಡಿ ನನಗೆ ಕಳುಹಿಸು.

ಪ್ರೀತಿಯಿಂದ,
ನಿನ್ನ ಹಿರಿಯ ಓದುಗ