ಹೊಸ ಹಚ್ಚೆಗೆ ಅತಿ ಆರೈಕೆಯೂ ಬೇಡ

ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಹಚ್ಚೆಯ ಬಗ್ಗೆ ಬಂದ ಬರಹ ಓದಿದೆ. ಯಾವ ಚಿತ್ರ ಚೆನ್ನಾಗಿ ಕಾಣುತ್ತದೆ, ಮೈಯ ಯಾವ ಜಾಗದಲ್ಲಿ ನೋವು ಜಾಸ್ತಿ, ಎಲ್ಲ ಇತ್ತು. ಸೂಜಿ ಕೆಳಗಿಟ್ಟ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಮಾತ್ರ ಒಂದೇ ಸಾಲು: ಹಾಕಿದವರ ಸಲಹೆ ಪಾಲಿಸಿ. ನನಗೆ ಸಿಕ್ಕ ಸಲಹೆ ಏನು ಗೊತ್ತಾ? ‘ಕ್ರೀಮ್ ಹಚ್ತಾ ಇರಿ, ಏನೂ ಆಗಲ್ಲ.’ ಯಾವ ಕ್ರೀಮ್, ಎಷ್ಟು, ಎಷ್ಟು ದಿನ, ಒಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ, ಕನ್ನಡಿ ನೋಡಿಕೊಳ್ಳುವುದರಲ್ಲೇ ಮುಳುಗಿದ್ದೆ.

ನನ್ನದು ಮುಂಗೈ ಮೇಲೆ ಒಂದು ಗರಿ. ಚೆನ್ನಾಗಿ ನೋಡಿಕೊಳ್ಳಬೇಕು ಅಂತ ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಬಳಿದು, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೂರು ದಿನ ಬಿಚ್ಚಲೇ ಇಲ್ಲ. ಬಿಚ್ಚಿದಾಗ ಚರ್ಮ ನೀರಲ್ಲಿ ನೆನೆದ ಹಾಗೆ ಮೆತ್ತಗಾಗಿತ್ತು, ಸುತ್ತ ಸಣ್ಣ ಸಣ್ಣ ಗುಳ್ಳೆ. ಆಮೇಲೆ ದಪ್ಪ ಹಕ್ಕಳೆ ಕಟ್ಟಿತು. ಅದನ್ನು ಉಗುರಲ್ಲಿ ಎಬ್ಬಿಸಿದೆ. ಗರಿಯ ತುದಿಯಲ್ಲಿ ಈಗ ಬಣ್ಣವೇ ಇಲ್ಲ. ಅಸಡ್ಡೆಯಿಂದ ಹಾಳಾಗಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ, ಅಕ್ಕರೆಯಿಂದ ಹಾಳು ಮಾಡಿಕೊಂಡೆನಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಹಚ್ಚೆಯನ್ನು ನಾವು ಚಿತ್ರ ಅಂದುಕೊಳ್ಳುತ್ತೇವೆ. ಮೈಗೆ ಅದು ಗಾಯ, ಸಾವಿರಾರು ಸಲ ಚುಚ್ಚಿದ ಗಾಯ. ಸೂಜಿ ಮೇಲ್ಪದರ ದಾಟಿ ಒಂದೆರಡು ಮಿಲಿಮೀಟರ್ ಒಳಗೆ ಬಣ್ಣ ಬಿಡುತ್ತದೆ. ರೋಗಾಣುಗಳನ್ನು ನುಂಗುವ ನಮ್ಮದೇ ಕೋಶಗಳು ಬಂದು ಈ ಬಣ್ಣವನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾಗದೆ ಅಲ್ಲೇ ಹೊತ್ತು ಕೂರುತ್ತವೆ. ಆ ಕೋಶ ಸತ್ತರೆ ಹೊಸದೊಂದು ಬಂದು ಅದೇ ಬಣ್ಣವನ್ನು ಹಿಡಿದುಕೊಳ್ಳುತ್ತದೆ ಅಂತ 2018ರಲ್ಲಿ ಫ್ರಾನ್ಸ್‌ನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಹಚ್ಚೆ ವರ್ಷಗಟ್ಟಲೆ ಉಳಿಯುವುದು ಹೀಗೆ. ಅಂದರೆ ಬಣ್ಣ ಉಳಿಸುವ ಕೆಲಸ ಮೈ ತಾನೇ ಮಾಡುತ್ತದೆ, ನಾವು ಅಡ್ಡ ಬರದಿದ್ದರೆ ಸಾಕು.

ಮೊದಲ ಒಂದೆರಡು ದಿನ ಬಣ್ಣ ಬೆರೆತ ನೀರು ಜಿನುಗುತ್ತದೆ, ಗಾಬರಿ ಬೇಡ. ಮೊದಲು ಕೈ ತೊಳೆದುಕೊಳ್ಳಿ. ಆಮೇಲೆ ಉಗುರುಬೆಚ್ಚಗಿನ ನೀರು, ವಾಸನೆ ಇಲ್ಲದ ಸೋಪು, ಬರಿಗೈ. ಬ್ರಶ್ಶು, ಸ್ಪಂಜು ದೂರ ಇರಲಿ. ಒರೆಸಬೇಡಿ, ಶುಚಿಯಾದ ಪೇಪರ್ ಟವೆಲ್‌ನಿಂದ ಒತ್ತಿ ತೇವ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ವಾಸನೆ ಇಲ್ಲದ ಲೋಶನ್, ಅದೂ ತೆಳ್ಳಗೆ. ಎಷ್ಟು ತೆಳ್ಳಗೆ ಅಂದರೆ ಹಚ್ಚಿದ್ದು ಕಾಣಬಾರದು. ಚರ್ಮ ಪಳಪಳ ಹೊಳೆಯುತ್ತಿದ್ದರೆ ಜಾಸ್ತಿ ಆಯಿತು ಅಂತಲೇ ಅರ್ಥ. ದಿನಕ್ಕೆ ಎರಡು ಮೂರು ಸಲ ಸಾಕು. ಈಗ ಹಚ್ಚೆ ಮೇಲೆ ಅಂಟಿಸುವ ತೆಳು ಫಿಲ್ಮ್ ಬಂದಿದೆ, ಅದನ್ನು ಕೆಲವು ದಿನ ಹಾಗೇ ಬಿಡಬಹುದು, ಯಾಕೆಂದರೆ ಅದು ಆವಿಯನ್ನು ಹೊರಗೆ ಬಿಡುತ್ತದೆ. ಅಡುಗೆಮನೆಯ ಹಾಳೆ ಬಿಡುವುದಿಲ್ಲ. ಈ ವ್ಯತ್ಯಾಸ ನನಗೆ ಯಾರಾದರೂ ಹೇಳಿದ್ದರೆ! ಆ ಫಿಲ್ಮ್ ಕೂಡ ಅಂಚಲ್ಲಿ ಎದ್ದು ಸೋರತೊಡಗಿದರೆ ತೆಗೆದುಬಿಡಬೇಕು. ಬಟ್ಟೆ ಅಂಟಿಕೊಂಡರೂ ಹಾಗೇ ಎಳೆಯಬೇಡಿ, ನೀರು ಹಾಕಿ ನೆನೆಸಿ ಬಿಡಿಸಿ.

ನಿಜವಾದ ಪರೀಕ್ಷೆ ನಾಲ್ಕೈದು ದಿನ ಕಳೆದ ಮೇಲೆ. ಸಿಪ್ಪೆ ಏಳುತ್ತದೆ, ಬಣ್ಣದ ಚೂರುಗಳು ಉದುರುತ್ತವೆ, ಅಯ್ಯೋ ಹಚ್ಚೆಯೇ ಹೋಯಿತು ಅನ್ನಿಸುತ್ತದೆ. ಹೋಗುವುದು ಮೇಲ್ಪದರ ಮಾತ್ರ. ತುರಿಕೆಯಂತೂ ಹೇಳತೀರದು. ಕೆರೆಯಬಾರದು, ಕೀಳಬಾರದು. ತಡೆಯಲಾಗದಿದ್ದರೆ ಬಟ್ಟೆ ಸುತ್ತಿದ ತಣ್ಣನೆಯದನ್ನು ಸ್ವಲ್ಪ ಹೊತ್ತು ಇಡಬಹುದು. ನಾನು ಹಗಲೆಲ್ಲ ತಡೆದುಕೊಂಡು ನಿದ್ದೆಗಣ್ಣಲ್ಲಿ ಕೆರೆದಿದ್ದೂ ಉಂಟು, ಅದಕ್ಕೇ ಉಗುರು ಕತ್ತರಿಸಿಕೊಂಡು ಮಲಗುವುದು ಒಳ್ಳೆಯದು. ಸಿಪ್ಪೆ ಹೋದ ಮೇಲೂ ಕೆಲವು ವಾರ ಚಿತ್ರ ಮಸುಕಾಗಿ, ಹಾಲಿನ ಪೊರೆ ಹೊದ್ದ ಹಾಗೆ ಕಾಣುತ್ತದೆ. ಮೇಲೆ ಮಾಯಲು ಎರಡರಿಂದ ನಾಲ್ಕು ವಾರ ಬೇಕು, ಒಳಗೆ ಇನ್ನೂ ಕೆಲವು ತಿಂಗಳು.

ಸ್ನಾನಕ್ಕೆ ತೊಂದರೆ ಇಲ್ಲ, ನೀರಲ್ಲಿ ಮುಳುಗಿ ಕೂರುವುದು ಬೇಡ. ಈಜುಕೊಳ, ಕೆರೆ, ಸಮುದ್ರ ಯಾವುದೂ ಬೇಡ. ಇದು ಸುಮ್ನೆ ಹೆದರಿಸುವ ಮಾತಲ್ಲ. ಹಚ್ಚೆ ಹಾಕಿಸಿಕೊಂಡ ಐದೇ ದಿನಕ್ಕೆ ಮೆಕ್ಸಿಕೊ ಕೊಲ್ಲಿಯಲ್ಲಿ ಈಜಿದ 31 ವರ್ಷದ ಒಬ್ಬರು ಸಮುದ್ರದ ನೀರಿನ ಬ್ಯಾಕ್ಟೀರಿಯಾ ಸೋಂಕಿನಿಂದ ತೀರಿಕೊಂಡರು. ಅವರಿಗೆ ಮೊದಲೇ ಲಿವರ್ ಕಾಯಿಲೆ ಇತ್ತು. ಈ ಪ್ರಕರಣ 2017ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ದಾಖಲಾಗಿದೆ. ಲಿವರ್ ತೊಂದರೆ, ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಚ್ಚೆಗೆ ಮೊದಲೇ ಡಾಕ್ಟರನ್ನು ಕೇಳಬೇಕು. ಬಿಸಿಲಿಗೂ ಹೊಸ ಹಚ್ಚೆ ಒಡ್ಡಬೇಡಿ. ಮಾಯುವ ತನಕ ಸಡಿಲ ಬಟ್ಟೆ ಮುಚ್ಚಿ, ಸನ್‌ಸ್ಕ್ರೀನ್ ಮಾಯ್ದ ಮೇಲೆ.

ಮೊದಲ ದಿನಗಳ ಕೆಂಪು, ಊತ, ಉರಿ ಸಹಜ, ಅದು ದಿನದಿನಕ್ಕೆ ಇಳಿಯಬೇಕು. ಇಳಿಯುವ ಬದಲು ಏರಿದರೆ, ಕೆಂಪು ಹರಡುತ್ತಾ ಹೋದರೆ, ಕೀವು, ಜ್ವರ, ಚರ್ಮದ ಮೇಲೆ ಕೆಂಪು ಗೆರೆ ಕಂಡರೆ ಹಚ್ಚೆ ಹಾಕಿದವರಿಗೆ ಫೋಟೊ ಕಳಿಸುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ. ಬಣ್ಣಕ್ಕೆ ಅಲರ್ಜಿಯೂ ಆಗಬಹುದು, ಕೆಂಪು ಬಣ್ಣಕ್ಕೆ ಜಾಸ್ತಿ. ಅದು ತಿಂಗಳು, ವರ್ಷ ಕಳೆದ ಮೇಲೂ ಕಾಣಿಸಿಕೊಳ್ಳುವುದುಂಟು.

ಹಚ್ಚೆ ಹಾಕುವವರಲ್ಲಿ ಒಂದು ಮನವಿ. ಇದನ್ನೆಲ್ಲ ಬಾಯಲ್ಲಿ ಹೇಳಬೇಡಿ, ಆ ಹೊತ್ತಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಒಂದು ಚೀಟಿಯಲ್ಲಿ ಅಚ್ಚು ಹಾಕಿ ಕೈಗೆ ಕೊಡಿ, ಅದೂ ಕನ್ನಡದಲ್ಲಿ. ನಿಮ್ಮ ಪುರವಣಿಯಲ್ಲೂ ಮುಂದಿನ ಸಲ ಚಿತ್ರಗಳ ಪಕ್ಕ ಇದಕ್ಕೊಂದು ಅಂಕಣದಷ್ಟು ಜಾಗ ಸಿಗಲಿ.

ಇಂತಿ,
ಅರ್ಧ ಗರಿಯ ಓದುಗ