ಸ್ಕೂಟರ್ ಬ್ಯಾಟರಿ ಚಾರ್ಜಿಂಗ್: ಸೋಮವಾರದಿಂದ ಜಾಗ ಬದಲು

ಎಲ್ಲರಿಗೂ ನಮಸ್ಕಾರ್ರೀ. ವಿದ್ಯಾನಗರದ ನಮ್ಮ ಅಪಾರ್ಟ್‌ಮೆಂಟಿನಾಗ ಬ್ಯಾಟರಿ ಸ್ಕೂಟರ್ ಇದ್ದವರು ಓದ್ರಿ. ಸೋಮವಾರದಿಂದ ಮೆಟ್ಟಿಲ ಕೆಳಗ ಚಾರ್ಜಿಂಗ್ ಬಂದ್. ಬೆಂಕಿ ಹತ್ತಿದ್ರ ಹೊರಗ ಓಡೋ ದಾರಿ ಅದೊಂದ. ಗೇಟಿನ ಬಾಜೂಕಿನ 16 ಆಂಪಿಯರ್ ಪಾಯಿಂಟ್ ಬಳಸ್ರಿ, ಎಕ್ಸ್‌ಟೆನ್ಷನ್ ಬೋರ್ಡ್ ಬ್ಯಾಡ.

ಧಾರವಾಡದಿಂದ ಬಿಸಿಲಾಗ ಬಂದವರು ಕೂಡಲೇ ಪ್ಲಗ್ ಹಾಕಬ್ಯಾಡ್ರಿ, ಅರ್ಧ ತಾಸು ಆರಲಿ. ಬ್ಯಾಟರಿ ಪ್ಯಾಕಿನೊಳಗಿನ ಸೆಲ್ 45 ಡಿಗ್ರಿ ದಾಟಿದಾಗ ಚಾರ್ಜ್ ಮಾಡಿದ್ರ ಒಳಗ ಗ್ಯಾಸ್ ಆಗಿ ಉಬ್ಬಬಹುದು.

ಚಾರ್ಜರ್ ಅದಲುಬದಲು ಮಾಡೋದು ಭಾಳ ಕೆಟ್ಟ ಚಾಳಿ. ಪಿನ್ ಕೂತ್ರೂ ವೋಲ್ಟ್ ಕೂಡೂದಿಲ್ಲ: 13 ಸೆಲ್ ಸಾಲಿನ 48 ವೋಲ್ಟ್ ಪ್ಯಾಕಿಗೆ 54.6 ವೋಲ್ಟೇ ಗಡಿ, 16 ಸೆಲ್ಲಿನ ಪ್ಯಾಕಿನ ಚಾರ್ಜರ್ 67.2 ವೋಲ್ಟ್ ಕೊಡತೈತಿ.

ಉಬ್ಬಿದ ಬ್ಯಾಟರಿ ಕಂಡ್ರ ಚಾರ್ಜ್ ಮಾಡಬ್ಯಾಡ್ರಿ, ಚುಚ್ಚಬ್ಯಾಡ್ರಿ. ಹೊಗಿ ಬಂದ್ರ ದೂರ ಸರದು 112ಕ್ಕ ಫೋನ್ ಮಾಡ್ರಿ.

ಫ್ಲಾಟ್ ನಂಬರ್, ಚಾರ್ಜರ್ ಮ್ಯಾಲಿನ ಔಟ್‌ಪುಟ್ ವೋಲ್ಟ್ ಶನಿವಾರದೊಳಗ ಇಲ್ಲೇ ಹಾಕ್ರಿ.