ಅಮ್ಮನ ಕೊನೆಯ ದಿನಗಳಲ್ಲಿ ಜೊತೆಗಿದ್ದವರಿಗೆ

ಅಮ್ಮನ ಉತ್ತರಕ್ರಿಯೆ ಮುಗಿಯಿತು. ಬಂದವರು, ಬರಲಾಗದೆ ಫೋನ್ ಮಾಡಿದವರು, ಮೆಸೇಜ್ ಹಾಕಿದವರು ತುಂಬ ಜನ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಿಲ್ಲ, ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಅಮ್ಮನ ಕಾಯಿಲೆ ಏನು, ಯಾವಾಗ ಗೊತ್ತಾಯಿತು, ಆಪರೇಷನ್ ಯಾಕೆ ಆಗಲಿಲ್ಲ ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಮೊದಲಿನಿಂದ ಹೇಳುವ ತ್ರಾಣ ನನಗಿಲ್ಲ. ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಮಂಗಳೂರಿನ ಡಾಕ್ಟರು ಹೇಳಿದರಲ್ಲ, ಅಲ್ಲಿಂದ ಮುಂದಿನದು ಮಾತ್ರ ಇದು.

ಬೆಂಗಳೂರಿನ ಗೆಳೆಯರು ಜಾಸ್ತಿ ಕೇಳಿದ್ದು ಒಂದೇ ಮಾತು. ಆಸ್ಪತ್ರೆ ದೂರ, ಬಸ್ಸು ಕಮ್ಮಿ, ಆ ಹಳ್ಳಿಯಲ್ಲಿ ಹೇಗೆ ನೋಡಿಕೊಂಡ್ರಿ ಅಂತ. ನಿಜ ಹೇಳಬೇಕೆಂದರೆ, ಬೆಂಗಳೂರಿನ ನನ್ನ ಫ್ಲ್ಯಾಟಿನಲ್ಲಾಗಿದ್ದರೆ ನನಗೆ ಇಷ್ಟು ಸಹಾಯ ಸಿಗುತ್ತಿತ್ತೋ ಇಲ್ಲವೋ. ನಮ್ಮದು ಕಾಸರಗೋಡು ಜಿಲ್ಲೆಯ ಕನ್ನಡದ ಮೂಲೆ. ಪೇಪರು ಕನ್ನಡದ್ದು, ಆಸ್ಪತ್ರೆ ಮಂಗಳೂರಿನದ್ದು, ರೇಷನ್ ಕಾರ್ಡ್ ಕೇರಳದ್ದು. ‘ನಾವು ಯಾರಿಗೂ ಬೇಡದವರು’ ಎಂದು ಗೊಣಗುವುದು ನಮ್ಮೂರಿನ ಹಳೇ ಅಭ್ಯಾಸ. ಆದರೆ ಈ ಒಂದು ವಿಷಯದಲ್ಲಿ ಕೇರಳದವರಾಗಿರುವುದು ನಮ್ಮ ಪುಣ್ಯ. ಇಲ್ಲಿ ಪಂಚಾಯತಿಗೊಬ್ಬರು ಪಾಲಿಯೇಟಿವ್ ನರ್ಸ್ ಇದ್ದಾರೆ, ಎಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡಿ ನೋಡಿಕೊಳ್ಳುವವರು. ಹಾಸಿಗೆ ಹಿಡಿದವರ ಮನೆಗೇ ಜೀಪಿನಲ್ಲಿ ಬರುತ್ತಾರೆ. ಜೊತೆಗೆ ಆಶಾ ಕಾರ್ಯಕರ್ತೆ, ಊರಿನದೇ ಒಬ್ಬಿಬ್ಬರು ವಾಲಂಟಿಯರು.

ಇದು ಯಾರೋ ಮಂತ್ರಿಗೆ ಒಂದು ಬೆಳಿಗ್ಗೆ ಹೊಳೆದ ಯೋಜನೆ ಅಲ್ಲ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಕೆಲವು ಗೆಳೆಯರು ಸೇರಿ ನೋವು ಕಡಿಮೆ ಮಾಡುವುದಕ್ಕೆಂದೇ ಒಂದು ಸೊಸೈಟಿ ಕಟ್ಟಿದರು. ಆಮೇಲೆ ಮಲಪ್ಪುರಂ ಕಡೆ ಅದು ಜನರ ಕೈಗೆ ಬಂತು. ಅಂಗಡಿಯವರು, ಮೇಷ್ಟ್ರುಗಳು, ಮನೆಯಲ್ಲಿರುವ ಹೆಂಗಸರು ತರಬೇತಿ ತೆಗೆದುಕೊಂಡು ತಮ್ಮ ಬೀದಿಯ ರೋಗಿಗಳನ್ನು ತಾವೇ ನೋಡತೊಡಗಿದರು. ಸರ್ಕಾರ ಇದಕ್ಕೊಂದು ನೀತಿ ಮಾಡಿದ್ದು 2008ರಲ್ಲಿ. ಜನ ಮೊದಲು, ಸರ್ಕಾರ ಆಮೇಲೆ. ಪ್ರತಿ ಜನವರಿ 15ಕ್ಕೆ ಪಾಲಿಯೇಟಿವ್ ದಿನ ಎಂದು ಇಲ್ಲಿ ಡಬ್ಬಿ ಹಿಡಿದು ಬರುತ್ತಾರಲ್ಲ, ನಾನೂ ಎಷ್ಟೋ ಸಲ ಚಿಲ್ಲರೆ ಹಾಕಿದ್ದೆ. ಯಾತಕ್ಕೆ ಎಂದು ಕೇಳಿರಲಿಲ್ಲ.

ನಮ್ಮ ಪಂಚಾಯತಿನ ನರ್ಸಿಗೆ ಮೊದಲ ನಮಸ್ಕಾರ. ಅವರದು ಮಲಯಾಳ, ಅಮ್ಮನದು ತುಳು, ಕನ್ನಡ. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ನಾನು ಕೋಣೆಗೆ ಬರಕೂಡದು ಎಂದು ಅಮ್ಮನ ಹಟ. ಹೊರಗೆ ನಿಂತು ಕೇಳಿಸಿಕೊಂಡಿದ್ದೇ ಜಾಸ್ತಿ. ‘ನೋವು ಎಷ್ಟುಂಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ’ ಎಂದು ನರ್ಸ್ ಕೇಳಿದರೆ, ಅಮ್ಮ ‘ಹನ್ನೆರಡಾಣೆ’ ಎನ್ನುತ್ತಿದ್ದರು. ಹದಿನಾರಾಣೆ ಎಂದರೆ ತಡೆಯಲಾಗದ ನೋವು ಎಂಬ ಲೆಕ್ಕ. ನರ್ಸ್ ಅದನ್ನೇ ಕಲಿತುಕೊಂಡರು. ಗಾಯದ ವಾಸನೆಗೆ ಅಮ್ಮ ತುಂಬ ನಾಚಿಕೊಳ್ಳುತ್ತಿದ್ದರು, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ನರ್ಸ್ ಮೆಟ್ರೊನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿ ಕಟ್ಟತೊಡಗಿದರು. ಭೇದಿಗೆ ಕೊಡುತ್ತಾರಲ್ಲ, ಅದೇ ಅಗ್ಗದ ಮಾತ್ರೆ. ಕೆಲವೇ ದಿನಗಳಲ್ಲಿ ವಾಸನೆ ಇಳಿಯಿತು. ಅಮ್ಮ ಮತ್ತೆ ಮೊಮ್ಮಕ್ಕಳನ್ನು ಮಂಚದ ಮೇಲೆ ಕೂರಿಸಿಕೊಂಡರು. ದೊಡ್ಡ ದೊಡ್ಡ ಸ್ಕ್ಯಾನುಗಳಿಂದ ನಮಗೆ ಇಷ್ಟು ದೊಡ್ಡ ಉಪಕಾರ ಆಗಿರಲಿಲ್ಲ.

ಇನ್ನು ನಾನು ಅಕ್ಕ ಎಂದು ಕರೆಯುವ ವಾಲಂಟಿಯರ್ ವಿಷಯ.

ಹೆಸರು ಹಾಕಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಊರವರಿಗೆ ಹೇಳದೆಯೂ ಗೊತ್ತಾಗುತ್ತದೆ. ಬೀಡಿ ಕಟ್ಟುವವರು. ನಮ್ಮ ತೋಟದ ಆಚೆ, ತೋಡು ದಾಟಿದರೆ ಅವರ ಮನೆ. ಗಂಡ ತೀರಿಕೊಂಡ ಮೇಲೆ ವಾಲಂಟಿಯರ್ ತರಬೇತಿಗೆ ಹೋದವರು. ಸಂಬಳ ಇಲ್ಲ, ಬಸ್ ಚಾರ್ಜೂ ಎಷ್ಟೋ ಸಲ ಕೈಯಿಂದಲೇ. ಮೊದಲ ದಿನ ಬಂದಾಗ ಅಮ್ಮನ ಪಕ್ಕ ಕೂತು ಕಾಯಿಲೆಯ ಮಾತೇ ಎತ್ತಲಿಲ್ಲ. ಈ ಸಲ ಅಡಿಕೆಗೆ ಕೊಳೆರೋಗ ಎಷ್ಟು ಬಂದಿದೆ ಎಂದು ಮಾತಾಡಿ ಎದ್ದು ಹೋದರು. ಇವರಿಂದ ಏನಾಗುತ್ತದೆ ಎಂದುಕೊಂಡೆ. ಮರುದಿನ ಅಮ್ಮ ‘ಅವಳು ಯಾವಾಗ ಬರ್ತಾಳೆ?’ ಎಂದು ತಾವಾಗಿ ಕೇಳಿದರು.

ಅಮ್ಮ ಹೋಗುವುದಕ್ಕೆ ಕೆಲವು ದಿನ ಮೊದಲು ಒಂದು ರಾತ್ರಿ ಬಂದ ಮಳೆ ಊರವರಿಗೆ ನೆನಪಿರಬಹುದು. ಸಂಜೆಯೇ ಕರೆಂಟು ಹೋಗಿತ್ತು. ಇನ್ವರ್ಟರ್ ಕೂಡ ಕೈಕೊಟ್ಟಿತು. ಏರ್ ಬೆಡ್‌ನ ಮೋಟಾರು ನಿಂತಿತು. ಮೋಟಾರು ನಿಂತರೆ ಗಾಳಿ ಮೆಲ್ಲಗೆ ಇಳಿಯುತ್ತದೆ, ಆಮೇಲೆ ಅದು ಬರೀ ಪ್ಲಾಸ್ಟಿಕ್ ಚಾಪೆ. ಬೆನ್ನು ಹುಣ್ಣಾಗುವ ಭಯ ಒಂದು ಕಡೆ. ಇನ್ನೊಂದು ಕಡೆ ಅಮ್ಮನ ನೋವು ಏರತೊಡಗಿತು. ಆಣೆ ಲೆಕ್ಕ ಹೇಳುವ ಸ್ಥಿತಿಯಲ್ಲೂ ಅವರಿರಲಿಲ್ಲ. ಮಾವ ‘ಆಂಬ್ಯುಲೆನ್ಸಿಗೆ ಹೇಳುವಾ’ ಎಂದರು. ಚಿಕ್ಕಮ್ಮ ಅಳತೊಡಗಿದರು. ಈ ಮಳೆಯಲ್ಲಿ ಆ ದಾರಿಯಲ್ಲಿ ಅಮ್ಮನನ್ನು ಮಂಗಳೂರಿಗೆ ಸಾಗಿಸುವುದೋ ಬೇಡವೋ ಎಂದು ಚಾವಡಿಯಲ್ಲಿ ದೊಡ್ಡ ಚರ್ಚೆ.

ಅಕ್ಕ ಕೊಡೆ ಹಿಡಿದು, ಮೊಬೈಲಿನ ಟಾರ್ಚ್ ಹಾಕಿಕೊಂಡು ಬಂದರು. ಯಾರು ಫೋನ್ ಮಾಡಿದ್ದೆಂದು ಈಗಲೂ ಗೊತ್ತಿಲ್ಲ. ನಮ್ಮ ಚರ್ಚೆಗೆ ಕಿವಿಗೊಡದೆ ನೇರ ಅಮ್ಮನ ಹತ್ತಿರ ಹೋಗಿ ಬಗ್ಗಿ ಕೇಳಿದರು. ‘ಅಮ್ಮಾ, ಮಂಗ್ಳೂರಿಗೆ ಹೋಗುವಾ?’ ಅಮ್ಮ ಕೈ ಆಡಿಸಿ ‘ಬೇಡ’ ಎಂದರು. ಅಷ್ಟೇ. ಚರ್ಚೆ ಮುಗಿಯಿತು. ಅಷ್ಟು ಹೊತ್ತು ಆ ಪ್ರಶ್ನೆಯನ್ನು ಅಮ್ಮನಿಗೇ ಯಾರೂ ಕೇಳಿರಲಿಲ್ಲ ನೋಡಿ.

ಆಮೇಲೆ ಮಾರ್ಫಿನ್. ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡುವುದು. ನೋವು ಬರಲಿ ಎಂದು ಕಾಯುವ ಹಾಗಿಲ್ಲ. ನಡುವೆ ಜೋರಾದರೆ ಕೊಡಲು ಇನ್ನೊಂದು ಡೋಸ್ ಎಂದು ಡಾಕ್ಟರು ಮೊದಲೇ ಚೀಟಿಯಲ್ಲಿ ಬರೆದಿದ್ದರು. ಆದರೆ ಆ ಹೆಚ್ಚಿನ ಮಾತ್ರೆ ಕೈಗೆತ್ತಿಕೊಳ್ಳಲು ನನ್ನ ಕೈ ನಡುಗಿತು. ಮಾರ್ಫಿನ್ ಎಂದರೆ ಮುಗಿಯಿತು, ನಿದ್ದೆಯಲ್ಲೇ ಹೋಗಿಬಿಡುತ್ತಾರೆ ಎಂದು ಕೇಳಿ ಬೆಳೆದವನು ನಾನು. (ಡಾಕ್ಟರುಗಳಲ್ಲೂ ಈ ಭಯ ಇತ್ತಂತೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸ್, ರಿಜಿಸ್ಟರ್, ಜೈಲಿನ ಹೆದರಿಕೆ ಎಂದು ಎಷ್ಟೋ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರ ತಿದ್ದುಪಡಿಯಿಂದ ಲೈಸೆನ್ಸಿನ ಗೋಜಲು ಕಡಿಮೆಯಾಯಿತು.) ಅಕ್ಕ ತಾವಾಗಿ ಮಾತ್ರೆ ಕೊಡಲಿಲ್ಲ. ನರ್ಸಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಉಸಿರಾಟ ಎಣಿಸಲು ನರ್ಸ್ ಹೇಳಿದರು, ಎಣಿಸಿದೆವು. ‘ಕೊಡಿ, ಏನೂ ಆಗುವುದಿಲ್ಲ’ ಎಂದರು. ಚಮಚದಲ್ಲಿ ಮಾತ್ರೆ ಪುಡಿ ಮಾಡಿ ಎರಡು ಹನಿ ನೀರು ಸೇರಿಸಿ ನಾನೇ ಅಮ್ಮನ ಬಾಯಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಸಡಿಲವಾಯಿತು. ಮತ್ತೆ ಕೇಳಿದಾಗ ‘ಆರಾಣೆ’ ಎಂದರು.

ಎಲ್ಲರೂ ಮಲಗಲು ಹೋದರು. ಅಕ್ಕ ಹೋಗಲಿಲ್ಲ. ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಡಿ ಎಲೆ, ಕತ್ತರಿ, ಎಲೆಯ ಅಳತೆಗೆ ಇಡುವ ತಗಡಿನ ತುಂಡು ತಂದಿದ್ದರು. ಹೊಗೆಸೊಪ್ಪು ತಂದಿರಲಿಲ್ಲ. ‘ಅದರ ಘಾಟು ಅಮ್ಮನಿಗೆ ಆಗ್ಲಿಕ್ಕಿಲ್ಲ. ಎಲೆ ಕತ್ತರಿಸಿಟ್ರೆ ನಾಳೆ ಕಟ್ಬಹುದು’ ಎಂದರು. ಚಿಮಿಣಿ ದೀಪದ ಬೆಳಕಲ್ಲಿ ತಗಡು ಇಟ್ಟು, ಸುತ್ತ ಕತ್ತರಿಸಿ, ದಪ್ಪ ನರ ಇರುವ ಎಲೆಯನ್ನು ಬದಿಗೆ ಹಾಕುತ್ತಾ ಕೂತರು. ಕೈ ತನ್ನ ಪಾಡಿಗೆ ಓಡುತ್ತಿತ್ತು, ಕಣ್ಣು ಅಮ್ಮನ ಎದೆಯ ಏರಿಳಿತದ ಮೇಲಿತ್ತು. ಎರಡು ಗಂಟೆಗೊಮ್ಮೆ ಕತ್ತರಿ ಕೆಳಗಿಟ್ಟು ‘ಬಾ’ ಎನ್ನುತ್ತಿದ್ದರು. ಅಮ್ಮನ ಮೈ ಕೆಳಗೆ ಮಡಚಿ ಹಾಸಿದ ಬೆಡ್‌ಶೀಟನ್ನು ನಾನೊಂದು ಕಡೆ, ಅವರೊಂದು ಕಡೆ ಬಿಗಿಯಾಗಿ ಹಿಡಿದು ಒಟ್ಟಿಗೆ ಎತ್ತಿ ಮಗ್ಗುಲಾಗಿಸುವುದು. ಎಳೆದಾಡಿದರೆ ಚರ್ಮ ಕೀಳುತ್ತದೆ, ಎತ್ತಿ ಸರಿಸಬೇಕು. ಬೆನ್ನಿಗೊಂದು ದಿಂಬು, ಮೊಣಕಾಲಿನ ನಡುವೆ ಒಂದು. ಆ ರಾತ್ರಿ ಅಮ್ಮನ ಬೆನ್ನಿನ ಕೆಲಸವನ್ನು ಮೋಟಾರಿನ ಬದಲು ನಾವಿಬ್ಬರು ಮಾಡಿದೆವು.

ಬೆಳಗಿನ ಜಾವ ನನ್ನ ಬಾಯಿಂದ ಒಂದು ಮಾತು ಬಂತು. ಇಲ್ಲಿ ಬರೆಯಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. ‘ಅಕ್ಕ, ಇದು ಬೇಗ ಮುಗಿದರೆ ಸಾಕು ಅಂತ ಅನ್ನಿಸ್ತಾ ಉಂಟು’ ಎಂದೆ. ಹೆತ್ತ ತಾಯಿಯ ಬಗ್ಗೆ. ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ಛೆ ಹಾಗೆಲ್ಲ ಹೇಳಬೇಡ ಎಂದೂ ಅನ್ನಲಿಲ್ಲ. ‘ನನಗೂ ಅನ್ನಿಸಿತ್ತು, ನನ್ನ ಗಂಡ ಹಾಸಿಗೆ ಹಿಡಿದಿದ್ದಾಗ. ಯಾರ ಹತ್ರವೂ ಹೇಳ್ಲಿಕ್ಕೆ ಆಗ್ಲಿಲ್ಲ. ನೀನು ಹೇಳಿದೆಯಲ್ಲ, ಆಯ್ತು. ಒಲೆಗೆ ನೀರಿಡು, ಚಾ ಮಾಡುವಾ’ ಎಂದರು. ಚಾ ಮಾಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಇಬ್ಬರೂ ಕುಡಿದೆವು.

ಅಮ್ಮ ಹೋದದ್ದು ಅದಾಗಿ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ, ಎಲ್ಲರೂ ಇದ್ದಾಗ. ಕೊನೆಗೆ ಗಂಟಲಲ್ಲಿ ಗೊರಗೊರ ಎಂದಾಗ ಹೇಗೆ ಮಗ್ಗುಲಿಗೆ ಮಲಗಿಸಬೇಕು ಎಂಬುದು ನನಗೆ ಗೊತ್ತಿತ್ತು. ಆ ಸದ್ದು ಕೇಳುವವರಿಗೆ ಕಷ್ಟ, ಅವರಿಗೆ ಅಷ್ಟು ಗೊತ್ತಾಗುವುದಿಲ್ಲ ಎಂದು ಅಕ್ಕ ಮೊದಲೇ ಹೇಳಿಟ್ಟಿದ್ದರು.

ಒಂದು ಮಾತು ನೆಂಟರಿಗೆ. ಬೇಜಾರು ಮಾಡಿಕೊಳ್ಳಬೇಡಿ. ‘ಡ್ರಿಪ್ಸ್ ಹಾಕಿಸಲಿಲ್ವಾ? ಊಟ ಕೊಡದೆ ಬಿಟ್ರಾ?’ ಎಂದು ಕೆಲವರು ಕೇಳಿದಿರಿ. ನುಂಗಲಾಗದವರ ಬಾಯಿಗೆ ಗಂಜಿ ಹಾಕಿದರೆ ಅದು ಶ್ವಾಸಕ್ಕೆ ಹೋಗುತ್ತದೆ. ಕೊನೆಯ ದಿನಗಳಲ್ಲಿ ಮೈಗೇ ಅನ್ನ ಬೇಕಾಗುವುದಿಲ್ಲ. ಹಳೇ ಕಾಟನ್ ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಬಾಯಿ ಒರೆಸುತ್ತಿದ್ದೆವು, ತುಟಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದೆವು. ಅಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ, ಅಷ್ಟನ್ನು ತಪ್ಪದೆ ಮಾಡಿದ್ದೇವೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆಶಾ ಕಾರ್ಯಕರ್ತೆ, ಕೆಸರಲ್ಲಿ ಜೀಪ್ ತಂದ ಡ್ರೈವರ್, ತೋಟ ನೋಡಿಕೊಂಡ ಪಕ್ಕದ ಮನೆಯವರು, ರಜೆಯ ಬಗ್ಗೆ ಒಂದು ಮಾತೂ ಕೇಳದ ನನ್ನ ಮ್ಯಾನೇಜರ್, ದುಬೈಯಿಂದ ದಿನಾ ವಿಡಿಯೋ ಕಾಲ್ ಮಾಡಿದ ತಮ್ಮ, ಮಕ್ಕಳನ್ನೂ ಮನೆಯನ್ನೂ ಒಬ್ಬಳೇ ನಿಭಾಯಿಸಿದ ನನ್ನ ಹೆಂಡತಿ, ಎಲ್ಲರಿಗೂ ಋಣಿ. ಹೆಂಡತಿಗೆ ಒಂದೇ ಸಾಲಾ ಎಂದು ಅವಳು ಕೇಳುತ್ತಾಳೆ, ಗೊತ್ತು. ಅವಳಿಗೆ ಎದುರಲ್ಲೇ ಹೇಳಿದ್ದೇನೆ.

ಬೆಂಗಳೂರಿನಲ್ಲಿ ಇಂಥದ್ದು ಇದೆಯಾ ಎಂದು ಕೇಳಿದವರಿಗೆ: ಮಾರತ್ತಹಳ್ಳಿ ಹತ್ತಿರ ಕರುಣಾಶ್ರಯ ಇದೆ. 1999ರಿಂದ ನಡೆಯುತ್ತಿದೆ. ಚಿಕಿತ್ಸೆ ಇನ್ನು ನಾಟದು ಎನ್ನುವ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಕೊನೆಯ ವಾರದವರೆಗೆ ಕಾಯಬೇಡಿ, ಬೇಗ ವಿಚಾರಿಸಿ.

ಏರ್ ಬೆಡ್ ತೊಳೆದು ಒಣಗಿಸಿ ವಾಪಸ್ ಕೊಟ್ಟಾಯಿತು. ಪೈಪು ಒಂದು ಕಡೆ ಸೋರುತ್ತಿತ್ತು, ಹೊಸದು ಹಾಕಿಸಿದ್ದೇನೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ನರ್ಸ್ ಕೈಗೆ ಕೊಟ್ಟಿದ್ದೇನೆ. ಅಕ್ಕನಿಗೆ ಸೀರೆ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಮುಂದಿನ ತರಬೇತಿಗೆ ನನ್ನ ಹೆಸರು ಬರೆಸಿ ಬಂದಿದ್ದಾರೆ, ನನ್ನನ್ನು ಕೇಳದೆ. ಊರಿಗೆ ಬರುವ ಶನಿವಾರಗಳಲ್ಲಿ ಜೀಪಿನ ಜೊತೆ ಹೋಗಬೇಕಂತೆ. ಹೋಗುತ್ತೇನೆ.

ಅಮ್ಮನ ಹೆಸರಲ್ಲಿ ಏನಾದರೂ ಕೊಡಬೇಕು ಎಂದವರು ನನಗೆ ದುಡ್ಡು ಕಳಿಸಬೇಡಿ. ಪಂಚಾಯತಿನ ಪಾಲಿಯೇಟಿವ್ ಘಟಕಕ್ಕೆ ದೊಡ್ಡವರ ಡೈಪರ್, ಗಾಜ್ ಬಟ್ಟೆ, ಹತ್ತಿ ಯಾವಾಗಲೂ ಬೇಕು. ಹಳೇ ಕಾಟನ್ ಸೀರೆ ಇದ್ದರೂ ಒಗೆದು ಕೊಡಿ. ಪಾಲಿಯೆಸ್ಟರ್ ಬೇಡ, ಅದು ನೀರು ಹೀರುವುದಿಲ್ಲ.